ಮಳೆ, ಕಡಲು, ಗಾಳಿಯ ಐಸೊಟೋಪ್ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಕರಾವಳಿಯ ಮಳೆ, ಅರಬ್ಬಿ ಸಮುದ್ರದ ನೀರು, ಅದರ ಮೇಲೆ ಬೀಸುವ ಗಾಳಿ. ಇವುಗಳ ಐಸೊಟೋಪ್ ಅಳತೆಗೆ ಹೊಸದಾಗಿ ಕೈಹಾಕಿದ ವಿದ್ಯಾರ್ಥಿಗಳು ಮತ್ತು ಮಳೆನೀರು ಹಿಡಿದುಕೊಡಲು ಒಪ್ಪಿದ ಶಾಲೆ-ಕಾಲೇಜುಗಳ ಮೇಷ್ಟ್ರುಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಯಂತ್ರದ ಬಗ್ಗೆ ಎಲ್ಲರಿಗೂ ಕುತೂಹಲ. ಆದರೆ ಅಂಕಿಗಳು ಬಹುಪಾಲು ಕೆಡುವುದು ಯಂತ್ರದ ಹತ್ತಿರ ಹೋಗುವ ಮುಂಚೆಯೇ, ಬಾಟಲಿಯಲ್ಲಿ. ಹಾಗಾಗಿ ಉತ್ತರಗಳಲ್ಲಿ ಬಾಟಲಿಗೇ ಜಾಗ ಜಾಸ್ತಿ.

ಐಸೊಟೋಪ್ ಅಳೆದರೆ ಕಡಲಿನ, ಗಾಳಿಯ ಬಗ್ಗೆ ಏನು ತಿಳಿಯುತ್ತದೆ?

ಒಂದೇ ಧಾತುವಿನ ಪರಮಾಣುಗಳಲ್ಲಿ ನ್ಯೂಟ್ರಾನ್ ಸಂಖ್ಯೆ ಬೇರೆಯಾದರೆ ತೂಕ ಬೇರೆಯಾಗುತ್ತದೆ. ಆಕ್ಸಿಜನ್-16 ಹಗುರ, ಆಕ್ಸಿಜನ್-18 ಭಾರ. ನೀರು ಆವಿಯಾಗುವಾಗ ಹಗುರದ್ದು ಮುಂದಾಗಿ ಹೋಗುತ್ತದೆ, ಮೋಡ ಮಳೆಯಾಗುವಾಗ ಭಾರದ್ದು ಮೊದಲು ಇಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಜೊತೆ ಸಮತೋಲದಲ್ಲಿರುವ ಆವಿ ಆಕ್ಸಿಜನ್ ಲೆಕ್ಕದಲ್ಲಿ ಸುಮಾರು 9.3‰, ಹೈಡ್ರೋಜನ್ ಲೆಕ್ಕದಲ್ಲಿ ಸುಮಾರು 76‰ ಹಗುರ. ಈ ಸಣ್ಣ ಪಕ್ಷಪಾತದ ಗುರುತು ನೀರಿನಲ್ಲಿ ಉಳಿದುಬಿಡುತ್ತದೆ. ನೈಟ್ರೇಟ್ ತಿನ್ನುವ ಬ್ಯಾಕ್ಟೀರಿಯಾ, ಕಾರ್ಬನ್ ಡೈಆಕ್ಸೈಡ್ ಹೀರುವ ಎಲೆ, ಸುಟ್ಟ ಕಲ್ಲಿದ್ದಲು ಕೂಡ ತಮ್ಮ ತಮ್ಮ ಗುರುತು ಬಿಡುತ್ತವೆ. ಸಾಂದ್ರತೆ ಅಳೆದರೆ ಎಷ್ಟಿದೆ ಎಂದು ಗೊತ್ತಾಗುತ್ತದೆ, ಎಲ್ಲಿಂದ ಬಂತು, ದಾರಿಯಲ್ಲಿ ಏನಾಯಿತು ಎನ್ನುವುದಕ್ಕೆ ಐಸೊಟೋಪ್ ಬೇಕು.

ಡೆಲ್ಟಾ ಅಂಕಿಯನ್ನು ಓದುವುದು ಹೇಗೆ? ಮಳೆನೀರಿಗೆ ಋಣ ಚಿಹ್ನೆ ಯಾಕೆ?

ಮಾದರಿಯ ಭಾರ-ಹಗುರ ಅನುಪಾತವನ್ನು ಮಾನಕದ ಅನುಪಾತದಿಂದ ಭಾಗಿಸಿ, 1 ಕಳೆದು, 1000ದಿಂದ ಗುಣಿಸಿದರೆ ಡೆಲ್ಟಾ ಬರುತ್ತದೆ. ಅದರ ಗುರುತು ‰, ಬಾಯಲ್ಲಿ 'ಪರ್‌ಮಿಲ್'. ನೀರಿಗೆ ಮಾನಕ ವಿ-ಸ್ಮೌ ಎಂಬ ಸಮುದ್ರನೀರು. ಅದರಲ್ಲಿ 10 ಲಕ್ಷ ಆಕ್ಸಿಜನ್-16 ಪರಮಾಣುಗಳಿಗೆ ಆಕ್ಸಿಜನ್-18 ಸುಮಾರು 2005. ಒಂದು ಮಳೆಗೆ −3‰ ಬಂತು ಅನ್ನಿ, ಅಲ್ಲಿ 2005ರ ಜಾಗದಲ್ಲಿ 1999 ಇವೆ ಎಂದರ್ಥ. ಹತ್ತು ಲಕ್ಷದಲ್ಲಿ ಆರು ಕಡಿಮೆ. ನಾವು 0.1‰ ತನಕ ನಂಬುವಂತೆ ಅಳೆಯಲು ಹೊರಟಿದ್ದೇವೆ, ಅಂದರೆ ಹತ್ತು ಲಕ್ಷದಲ್ಲಿ 0.2 ಪರಮಾಣುವಿನ ವ್ಯತ್ಯಾಸ. ಸಡಿಲ ಮುಚ್ಚಳಕ್ಕೆ ಯಾಕಿಷ್ಟು ಹೆದರುತ್ತೇವೆ ಎನ್ನುವುದು ಇಲ್ಲಿಂದಲೇ ತಿಳಿಯುತ್ತದೆ. ಮಳೆಯ ಮೂಲ ಕಡಲಿನ ಆವಿ, ಆವಿ ಹಗುರ, ಮಾನಕ ಕಡಲನೀರು. ಹಾಗಾಗಿ ಋಣ.

ಮಳೆನೀರನ್ನು ಹಿಡಿಯುವುದು ಹೇಗೆ? ಸಾದಾ ಆಲಿಕೆ-ಬಾಟಲಿ ಸಾಲದೇ?

ದಿನಕ್ಕೊಮ್ಮೆ ಬೆಳಿಗ್ಗೆ 8.30ಕ್ಕೆ ತಪ್ಪದೆ ತೆಗೆಯುವುದಾದರೆ ಸಾಕು. ನಮ್ಮ ಹವಾಮಾನ ಇಲಾಖೆಯ ಮಳೆ ಅಳತೆಯ ಹೊತ್ತೂ ಅದೇ, ಹೋಲಿಸಲು ಅನುಕೂಲ. ತಿಂಗಳಿಗೊಮ್ಮೆ ತೆಗೆಯುವುದಾದರೆ ಆವಿಯಾಗದಂತೆ ತಡೆ ಬೇಕೇ ಬೇಕು. ಅದಕ್ಕೆ ಎರಡು ದಾರಿ. ಒಂದು, ಕ್ಯಾನಿನಲ್ಲಿ ಅರ್ಧದಿಂದ ಒಂದು ಸೆಂಟಿಮೀಟರ್ ದಪ್ಪಕ್ಕೆ ಲಿಕ್ವಿಡ್ ಪ್ಯಾರಾಫಿನ್ ಹಾಕುವುದು. ನೀರು ಕೆಳಗೆ, ಎಣ್ಣೆ ಮೇಲೆ. ಅಗ್ಗ, ನಂಬಿಕಸ್ಥ. ಆದರೆ ಬಗ್ಗಿಸಿ ಸುರಿಯುವಾಗ ಒಂದು ತೊಟ್ಟು ಎಣ್ಣೆ ಜೊತೆಗೆ ಬಂದರೂ ಲೇಸರ್ ಯಂತ್ರಕ್ಕೆ ಶನಿ ಹಿಡಿದಂತೆ. ನೀರನ್ನು ಅಡಿಯಿಂದ ಸಿರಿಂಜ್‌ನಲ್ಲಿ ಎಳೆಯಬೇಕು. ಇನ್ನೊಂದು, ಆಲಿಕೆಯಿಂದ ಇಳಿದ ಸಣ್ಣ ನಳಿಕೆ ಕ್ಯಾನಿನ ತಳ ಮುಟ್ಟಿ ನೀರಿನಲ್ಲೇ ಮುಳುಗಿರುವಂತೆ ಮಾಡಿ, ಒಳಗಿನ ಗಾಳಿ ಹೊರಹೋಗಲು ಉದ್ದನೆಯ ಸಪೂರ ಪೈಪನ್ನು ಸುತ್ತಿಡುವುದು. ಎಣ್ಣೆಯ ಗೊಡವೆ ಇಲ್ಲ. ತಿಂಗಳ ಮೊದಲ ಮಳೆಗೆ ಮುಂಚೆ ನಳಿಕೆಯ ತುದಿ ಒಣಗಿರುತ್ತದೆ ಎನ್ನುವುದೊಂದೇ ದೌರ್ಬಲ್ಯ.

ಕರಾವಳಿಯಲ್ಲಿ ಎಡವುವುದು ಗಾತ್ರದ ಲೆಕ್ಕದಲ್ಲಿ. 20 ಸೆಂಟಿಮೀಟರ್ ಅಗಲದ ಆಲಿಕೆಯ ಬಾಯಿ 314 ಚದರ ಸೆಂಟಿಮೀಟರ್. ಜುಲೈನಲ್ಲಿ 1000 ಮಿಲಿಮೀಟರ್ ಮಳೆಯಾದರೆ 31 ಲೀಟರ್ ನೀರು. ಹೊರದೇಶದ ಕೈಪಿಡಿ ನೋಡಿ 3 ಲೀಟರ್ ಕ್ಯಾನ್ ಇಟ್ಟರೆ ಮೊದಲ ವಾರಕ್ಕೇ ತುಂಬಿ ಹರಿದು, ಉಳಿದ ಮೂರು ವಾರದ ಮಳೆ ಲೆಕ್ಕಕ್ಕೇ ಸಿಗುವುದಿಲ್ಲ. 8 ಸೆಂಟಿಮೀಟರ್ ಆಲಿಕೆಗೆ ಅದೇ ಮಳೆ 5 ಲೀಟರ್ ಕೊಡುತ್ತದೆ. ಇನ್ನೂ ಒಳ್ಳೆಯ ಉಪಾಯ: ದಿನವೂ ಮಳೆ ಅಳೆದು, ಮಿಲಿಮೀಟರಿಗೆ 1 ಮಿಲಿಲೀಟರ್ ಲೆಕ್ಕದಲ್ಲಿ ತಿಂಗಳ ಬಾಟಲಿಗೆ ಸೇರಿಸುತ್ತ ಹೋಗುವುದು. 62 ಮಿಮೀ ಬಿದ್ದ ದಿನ 62 ಮಿಲೀ. ತಿಂಗಳ ಕೊನೆಗೆ ಒಂದು ಲೀಟರ್ ಆಸುಪಾಸು ನೀರು, ಅದೂ ಮಳೆಯ ಪ್ರಮಾಣಕ್ಕೆ ಸರಿಯಾಗಿ ಬೆರೆತದ್ದು.

ಆಲಿಕೆಯ ಕತ್ತಿನಲ್ಲಿ ಎಲೆ, ಅಡಿಕೆ ಹೂವು, ಇರುವೆ ಸಿಕ್ಕಿಕೊಂಡಿದ್ದರೆ ನೀರು ಮೇಲೆ ನಿಂತು ಬಿಸಿಲಿಗೆ ಆರುತ್ತದೆ. ಸ್ಟೀಲ್ ಜಾಲರಿ ಹಾಕಿ, ವಾರಕ್ಕೊಮ್ಮೆ ಒರೆಸಿ. ಹತ್ತಿ ತುರುಕಬೇಡಿ, ಹತ್ತಿ ನೀರು ಹಿಡಿದಿಟ್ಟುಕೊಂಡು ಆವಿಯಾಗಿಸುತ್ತದೆ.

ಯಾವ ಬಾಟಲಿ? ಫ್ರಿಜ್‌ನಲ್ಲಿ ಇಡಬೇಕೇ?

30ರಿಂದ 50 ಮಿಲೀ, ದಪ್ಪ ಗೋಡೆಯ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಬಾಟಲಿ ಅಥವಾ ಗಾಜಿನದು. ಮುಚ್ಚಳದ ಒಳಗೆ ಶಂಕುವಿನಂತೆ ಒತ್ತಿ ಕೂರುವ ಪ್ಲಾಸ್ಟಿಕ್ ಇರಬೇಕು, ಬರೀ ಕಾಗದದ ಬಿಲ್ಲೆ ಇರುವುದು ಬೇಡ. ಕುಡಿಯುವ ನೀರಿನ ಖಾಲಿ ಬಾಟಲಿ ಖಂಡಿತ ಬೇಡ, ಅದರ ತೆಳು ಗೋಡೆಯ ಮೂಲಕವೇ ಆವಿ ಸೋರುತ್ತದೆ. ಕತ್ತಿನ ತನಕ ತುಂಬಿಸಿ, ಮುಚ್ಚಳಕ್ಕೆ ಪ್ಯಾರಾಫಿಲ್ಮ್ (ಎಳೆದು ಅಂಟಿಸುವ ಮೇಣದಂಥ ಪಟ್ಟಿ) ಸುತ್ತಿ. ನೀರಿನ ಆಕ್ಸಿಜನ್-ಹೈಡ್ರೋಜನ್ ಅಳತೆಗೆ ವಿಷ, ಆಮ್ಲ ಏನೂ ಹಾಕಬೇಕಿಲ್ಲ. ತಂಪಾದ ಕತ್ತಲೆ ಕಪಾಟು ಸಾಕು. ಕತ್ತಿನ ತನಕ ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿಗೆ ಹಾಕಿದರೆ ಒಡೆಯುತ್ತದೆ. ಬಾಟಲಿಯ ಮೈಮೇಲೆ ಪೆನ್ಸಿಲ್‌ನಲ್ಲಿ ಬರೆದ ಲೇಬಲ್ ಅಂಟಿಸಿ ಅದರ ಮೇಲೆ ಪಾರದರ್ಶಕ ಟೇಪ್ ಹಾಕಿ. ಮಾರ್ಕರ್ ಪೆನ್ನಿನ ಅಕ್ಷರ ಮಳೆಗಾಲದ ತೇವಕ್ಕೆ ಅಳಿಸಿಹೋಗುತ್ತದೆ.

ನೀರು ಆವಿಯಾಗಿ ಕೆಟ್ಟಿದೆ ಎಂದು ಅಂಕಿಯಿಂದಲೇ ಗೊತ್ತಾಗುತ್ತದೆಯೇ?

ಬಹುಮಟ್ಟಿಗೆ ಗೊತ್ತಾಗುತ್ತದೆ. 1961ರಲ್ಲಿ ಹಾರ್ಮನ್ ಕ್ರೇಗ್ ಜಗತ್ತಿನ ಮಳೆ-ನದಿ ನೀರುಗಳಿಗೆ ಒಂದು ಗೆರೆ ತೋರಿಸಿದರು: ಡ್ಯೂಟೀರಿಯಮ್ (ಭಾರದ ಹೈಡ್ರೋಜನ್) ಡೆಲ್ಟಾ ಎಂದರೆ ಡೆಲ್ಟಾ-ಆಕ್ಸಿಜನ್-18ರ 8 ಪಟ್ಟು, ಅದಕ್ಕೆ 10 ಕೂಡಿಸಬೇಕು. ಆ 8 ಪಟ್ಟನ್ನು ಕಳೆದು ಉಳಿಯುವುದಕ್ಕೆ ಡ್ಯೂಟೀರಿಯಮ್ ಎಕ್ಸೆಸ್ ಎನ್ನುತ್ತಾರೆ. ಬಾಟಲಿಯಲ್ಲಿ ನೀರು ಆರುವಾಗ ಅಂಕಿಗಳು 8ರ ಇಳಿಜಾರನ್ನು ಬಿಟ್ಟು 4-5ರ ಇಳಿಜಾರಿನಲ್ಲಿ ಜಾರುತ್ತವೆ. ಒಂದು ಮಾದರಿಯ ಆಕ್ಸಿಜನ್ −3.0 ಮತ್ತು ಡ್ಯೂಟೀರಿಯಮ್ −14 ಇತ್ತು ಎನ್ನಿ, ಎಕ್ಸೆಸ್ 10. ಅದು 5ರ ಇಳಿಜಾರಿನಲ್ಲಿ ಆರಿ −1.0 ಮತ್ತು −4 ಆದರೆ ಎಕ್ಸೆಸ್ 4ಕ್ಕೆ ಇಳಿಯಿತು. ಆಕ್ಸಿಜನ್ ಅಂಕಿಯೊಂದನ್ನೇ ನೋಡಿದವರು −1.0 ಅನ್ನು ಸಹಜ ಮಳೆ ಎಂದೇ ಬರೆದುಕೊಳ್ಳುತ್ತಾರೆ. ಎರಡನ್ನೂ ಅಳೆಯಿರಿ ಎಂದು ಹಟ ಹಿಡಿಯುವುದು ಇದಕ್ಕೇ.

ಒಂದು ಎಚ್ಚರಿಕೆ ಇದೆ. 1-2 ಮಿಮೀ ಮಾತ್ರ ಬಿದ್ದ ದಿನ ಹನಿಯೇ ಒಣಗಾಳಿಯಲ್ಲಿ ಬೀಳುವಾಗ ಆರಿರುತ್ತದೆ. ಅಲ್ಲಿ ಕಡಿಮೆ ಎಕ್ಸೆಸ್ ನಿಜವಾದ ಅಂಕಿ, ತಪ್ಪಲ್ಲ. 60 ಮಿಮೀ ಬಿದ್ದ ದಿನವೂ ಎಕ್ಸೆಸ್ 3 ಬಂದರೆ ಮೊದಲು ಮುಚ್ಚಳ ನೋಡಿ.

ಋತುವಿನ ಸರಾಸರಿ ಹೇಗೆ ತೆಗೆಯಬೇಕು?

ಮಳೆಯ ಪ್ರಮಾಣದಿಂದ ತೂಗಿ. ಲೆಕ್ಕಕ್ಕಾಗಿ ಒಂದು ಉದಾಹರಣೆ: 800 ಮಿಮೀಗೆ −2.0, 150 ಮಿಮೀಗೆ −6.0. ಸಾದಾ ಸರಾಸರಿ −4.0, ತೂಗಿದ ಸರಾಸರಿ −2.6. ಅಂತರ್ಜಲಕ್ಕೆ ಹೋಲಿಸಲು ಹೊರಟವರಿಗೆ ಸಾದಾ ಸರಾಸರಿ ದಾರಿ ತಪ್ಪಿಸುತ್ತದೆ.

'ಹೆಚ್ಚು ಮಳೆ ಬಂದರೆ ನೀರು ಹಗುರ' ಎಂದು ಓದಿದ್ದೇವೆ. ನಮ್ಮ ಅಂಕಿಗಳಲ್ಲಿ ಅದು ಕಾಣುತ್ತಿಲ್ಲವಲ್ಲ?

ಕಾಣದಿದ್ದರೆ ಆಶ್ಚರ್ಯವಿಲ್ಲ. 1964ರಲ್ಲಿ ವಿಲ್ಲಿ ಡಾನ್ಸ್‌ಗಾರ್ಡ್ ಉಷ್ಣವಲಯದ ತಿಂಗಳ ಸರಾಸರಿಗಳಲ್ಲಿ ತೋರಿಸಿದ ಸಂಬಂಧ ಅದು. ಪಶ್ಚಿಮ ಕರಾವಳಿಯ ದಿನದ ಮಳೆಯಲ್ಲಿ ಅದು ದುರ್ಬಲ. ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುವ ಗಾಳಿ ಧೋ ಎಂದು ಸುರಿದರೂ ಆವಿ ತಾಜಾ ಆಗಿದ್ದರೆ ನೀರು ಅಷ್ಟೇನೂ ಹಗುರವಿರುವುದಿಲ್ಲ. ಗಾಳಿ ಬರುವ ದಾರಿಯಲ್ಲಿ, ಅರಬ್ಬಿ ಸಮುದ್ರದ ಮೇಲೆ, ದೊಡ್ಡ ಮೋಡದ ಗುಂಪುಗಳು ಎದ್ದು ಆಗಲೇ ಮಳೆ ಸುರಿಸಿದ್ದರೆ ನಿಮ್ಮ ಅಂಗಳದಲ್ಲಿ ಬಿದ್ದದ್ದು 10 ಮಿಮೀ ಆದರೂ ಹಗುರವಾಗಿರುತ್ತದೆ. ಆದ್ದರಿಂದ ನಿಮ್ಮ ಅಂಕಿಯನ್ನು ನಿಮ್ಮ ಮಳೆ ಮಾಪಕದ ಜೊತೆ ಹೋಲಿಸುವ ಬದಲು ಹಿಂದಿನ ಎರಡು-ಮೂರು ದಿನ ಕಡಲ ಮೇಲೆ ಮೋಡ ಹೇಗಿತ್ತು ಎಂಬ ಉಪಗ್ರಹ ದತ್ತಾಂಶದ ಜೊತೆ ಹೋಲಿಸಿ. ಹಾಗೆಯೇ ಹಿಂಗಾರು ಮಳೆ. ಬಂಗಾಳ ಕೊಲ್ಲಿಯಿಂದ ಪರ್ಯಾಯದ್ವೀಪ ದಾಟಿ ಬರುವ ಆ ನೀರು ಮುಂಗಾರಿಗಿಂತ ಹಗುರ ಎಂದು ಕೇರಳದ ದಾಖಲೆಗಳು ತೋರಿಸಿವೆ.

ಲೇಸರ್ ಯಂತ್ರವೋ, ಮಾಸ್ ಸ್ಪೆಕ್ಟ್ರೋಮೀಟರೋ?

ಮಳೆ, ನದಿ, ಬಾವಿ ನೀರಿಗೆ ಲೇಸರ್. ಒಂದು ಸಲಕ್ಕೆ 2 ಮೈಕ್ರೋಲೀಟರಿನಷ್ಟು ನೀರನ್ನು ಸಿರಿಂಜ್ ಚುಚ್ಚಿ 110 ಡಿಗ್ರಿಯ ಕೋಣೆಯಲ್ಲಿ ಆವಿ ಮಾಡುತ್ತದೆ, ಆಕ್ಸಿಜನ್-ಹೈಡ್ರೋಜನ್ ಎರಡೂ ಒಟ್ಟಿಗೆ ಸಿಗುತ್ತವೆ. ಹಿಂದಿನ ಮಾದರಿಯ ಅಂಶ ಉಳಿದಿರುತ್ತದೆ, ಅದನ್ನು 'ಮೆಮೊರಿ' ಎನ್ನುತ್ತಾರೆ. ಹಾಗಾಗಿ ಒಂದೊಂದು ಬಾಟಲಿಗೆ ಆರು ಚುಚ್ಚು, ಮೊದಲ ಮೂರು ಎಸೆದು ಕೊನೆಯ ಮೂರರ ಸರಾಸರಿ. ಹೈಡ್ರೋಜನ್‌ನಲ್ಲಿ ಮೆಮೊರಿ ಹೆಚ್ಚು. ಹಿಮದ ನೀರು ಮತ್ತು ಕಡಲನೀರನ್ನು ಅಕ್ಕಪಕ್ಕ ಇಡಬೇಡಿ, ಹತ್ತಿರದ ಅಂಕಿಯವನ್ನು ಸಾಲಾಗಿ ಇಡಿ. ಗಿಡದ ಕಾಂಡದಿಂದ, ಎಲೆಯಿಂದ ತೆಗೆದ ನೀರಿನಲ್ಲಿ ಮೆಥನಾಲ್‌ನಂಥವು ಇದ್ದರೆ ಲೇಸರ್ ಅವನ್ನು ನೀರೆಂದೇ ಓದಿ ಸುಳ್ಳು ಅಂಕಿ ಕೊಡುತ್ತದೆ.

ಮಾಸ್ ಸ್ಪೆಕ್ಟ್ರೋಮೀಟರ್ ಎಂದರೆ ಅಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಅಳೆಯುವ ಯಂತ್ರ. ಅದಕ್ಕೆ ನೀರು ನೇರ ಹೋಗುವುದಿಲ್ಲ. 12 ಮಿಲೀ ಸೀಸೆಯಲ್ಲಿ ಅರ್ಧ ಮಿಲೀ ನೀರು ಹಾಕಿ, ಹೀಲಿಯಮ್ ಜೊತೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ತುಂಬಿ, ಒಂದು ದಿನ ಬಿಟ್ಟರೆ ಎರಡರ ಆಕ್ಸಿಜನ್ ಅದಲುಬದಲಾಗಿ ಸಮತೋಲಕ್ಕೆ ಬರುತ್ತದೆ. ಆಮೇಲೆ ಆ ಅನಿಲದ 44, 45, 46 ತೂಕದ ಕಿರಣಗಳನ್ನು ಅಳೆಯುತ್ತಾರೆ. ಟ್ರೇಯ ಉಷ್ಣತೆ ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೆ ಅಂಕಿ ಸುಮಾರು 0.2‰ ಸರಿಯುತ್ತದೆ. ರಾತ್ರಿ ಕರೆಂಟ್ ಹೋಗಿ ಏಸಿ ನಿಂತಿದ್ದರೆ ಆ ಟ್ರೇಯನ್ನು ಮತ್ತೆ ಸಮತೋಲಕ್ಕೆ ಬಿಡಿ.

ಕಡಲನೀರನ್ನು ಲೇಸರ್‌ಗೆ ಹಾಕಬಹುದೇ?

ಹಾಕಬಹುದು, ಆದರೆ ಬೆಲೆ ತೆರಬೇಕು. 2 ಮೈಕ್ರೋಲೀಟರ್ ಕಡಲನೀರಿನಲ್ಲಿ 0.07 ಮಿಲಿಗ್ರಾಂ ಉಪ್ಪು. ಏನೂ ಅಲ್ಲ ಎನಿಸುತ್ತದೆ, 100 ಚುಚ್ಚಿಗೆ 7 ಮಿಲಿಗ್ರಾಂ. ಆವಿ ಕೋಣೆ ಬಿಚ್ಚಿದರೆ ಸೂಜಿ ಇಳಿಯುವ ಜಾಗದ ಸುತ್ತ ಬಿಳಿ ಉಂಗುರ ಕಾಣುತ್ತದೆ, ಉಗುರಿನಲ್ಲಿ ಕೆರೆದರೆ ಹೊಟ್ಟಿನಂತೆ ಉದುರುತ್ತದೆ. ಆ ಹರಳುಗಳು ನೀರು ಹಿಡಿದಿಟ್ಟುಕೊಂಡು ಮೆಮೊರಿ ಹೆಚ್ಚಿಸುತ್ತವೆ. ಮುನ್ಸೂಚನೆ ಪರದೆಯಲ್ಲೇ ಸಿಗುತ್ತದೆ: 20,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 20,000) ಆಸುಪಾಸು ನಿಲ್ಲಬೇಕಾದ ನೀರಾವಿ ಚುಚ್ಚಿಂದ ಚುಚ್ಚಿಗೆ ಕುಣಿಯಲು ಶುರುಮಾಡುತ್ತದೆ. ಸೂಜಿ ಕಟ್ಟಿಕೊಂಡಿದ್ದರೂ, ಸೂಜಿ ತೂರುವ ರಬ್ಬರ್ ಬಿಲ್ಲೆ, ಅಂದರೆ ಸೆಪ್ಟಮ್, ಸವೆದು ತೂತಾಗಿದ್ದರೂ ಇದೇ ಲಕ್ಷಣ. ಅಗ್ಗದ ಕಾರಣವನ್ನು ಮೊದಲು ನೋಡಿ: ಸೆಪ್ಟಮ್, ಆಮೇಲೆ ಸಿರಿಂಜ್, ಕೊನೆಗೆ ಕೋಣೆ. ಉಪ್ಪು ಹಿಡಿಯುವ ಸ್ಟೀಲ್ ಜಾಲರಿ ಸಿಗುತ್ತದೆ, ಹಾಕಿಕೊಳ್ಳಿ. ಪ್ರತಿ ಬ್ಯಾಚ್ ಆದಮೇಲೆ ಸಿರಿಂಜನ್ನು ಅಯಾನುರಹಿತ ನೀರಿನಲ್ಲಿ ತೊಳೆಯಿರಿ.

ಕಡಲನೀರೇ ಮುಖ್ಯ ಕೆಲಸವಾದರೆ ಕಾರ್ಬನ್ ಡೈಆಕ್ಸೈಡ್ ಸಮತೋಲದ ವಿಧಾನವೇ ವಾಸಿ. ಎರಡು ವಿಧಾನಗಳ ಅಂಕಿಯನ್ನು ಒಂದೇ ನಕ್ಷೆಯಲ್ಲಿ ಬೆರೆಸುವ ಮುನ್ನ ಅದೇ ನೀರನ್ನು ಎರಡರಲ್ಲೂ ಅಳೆದು ನೋಡಿ. ಉಪ್ಪಿನ ಅಯಾನುಗಳು ನೀರಿನ ಅಣುಗಳನ್ನು ಕಟ್ಟಿಹಾಕುವುದರಿಂದ ಸಣ್ಣ ಅಂತರ ಬರುತ್ತದೆ.

ಮಾನಕ ನೀರು ಎಷ್ಟು ಬೇಕು? ಲೆಕ್ಕ ಹೇಗೆ?

ಕನಿಷ್ಠ ಎರಡು, ನಿಮ್ಮ ಮಾದರಿಗಳ ಎರಡೂ ಕಡೆ ಬೀಳುವಂಥವು. ಮೂರನೆಯದು ಪರೀಕ್ಷೆಗೆ, ಅದನ್ನು ಲೆಕ್ಕದಲ್ಲಿ ಸೇರಿಸದೆ ಗೊತ್ತಿಲ್ಲದ ಮಾದರಿಯಂತೆ ಅಳೆಯಿರಿ. ವಿಯೆನ್ನಾದ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಕೊಡುವ ವಿ-ಸ್ಮೌ2 ಸೊನ್ನೆ, ಅಂಟಾರ್ಕ್ಟಿಕಾದ ಹಿಮದ ನೀರಾದ ಸ್ಲ್ಯಾಪ್2 ಆಕ್ಸಿಜನ್ ಲೆಕ್ಕದಲ್ಲಿ −55.5. ಅವು ದುಬಾರಿ, ಸಿಗುವುದೂ ಸ್ವಲ್ಪ. ವರ್ಷಕ್ಕೆ ಒಂದೆರಡು ಸಲ ಅವುಗಳಿಂದ ನಿಮ್ಮದೇ ಪ್ರಯೋಗಾಲಯದ ನೀರಿಗೆ ಬೆಲೆ ಕಟ್ಟಿ, ದಿನಬಳಕೆಗೆ ಅದನ್ನೇ ಇಟ್ಟುಕೊಳ್ಳುವುದು ರೂಢಿ.

ಒಂದು ಮಾನಕದ ನಿಜ ಬೆಲೆ −0.50, ಯಂತ್ರ ತೋರಿಸಿದ್ದು −1.10. ಇನ್ನೊಂದರದು −15.00, ತೋರಿಸಿದ್ದು −15.30. ನಿಜ ಅಂತರ 14.50, ಯಂತ್ರದ ಅಂತರ 14.20, ಭಾಗಿಸಿದರೆ 1.021. ಮಾದರಿಗೆ ಯಂತ್ರ −4.20 ತೋರಿಸಿದರೆ ಮೊದಲ ಮಾನಕದಿಂದ 3.10 ಕೆಳಗೆ. ಅದನ್ನು 1.021ರಿಂದ ಗುಣಿಸಿದರೆ 3.17. −0.50ರಿಂದ ಕಳೆದರೆ −3.67. ಒಂದೇ ಮಾನಕ ಇಟ್ಟುಕೊಂಡು 0.60 ಕೂಡಿಸಿದ್ದರೆ −3.60 ಬರುತ್ತಿತ್ತು. ಮಾನಕದಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ.

ಹಡಗಿನಲ್ಲಿ ನಿಸ್ಕಿನ್ ಬಾಟಲಿಯಿಂದ ಯಾವುದನ್ನು ಮೊದಲು ತುಂಬಿಸಬೇಕು?

ನಿಸ್ಕಿನ್ ಎಂದರೆ ಬೇಕಾದ ಆಳದಲ್ಲಿ ಮುಚ್ಚಿಕೊಂಡು ಅಲ್ಲಿಯ ನೀರನ್ನು ಮೇಲೆ ತರುವ ಬಾಟಲಿ. ಅದರಿಂದ ತುಂಬಿಸುವಾಗ ಗಾಳಿ ತಾಕಿದರೆ ಕೆಡುವುದು ಮೊದಲು. ಕರಗಿದ ಆಮ್ಲಜನಕ, ಆಮೇಲೆ ಕರಗಿದ ಅಜೈವಿಕ ಕಾರ್ಬನ್, ನಂತರ ನೈಟ್ರೇಟ್, ಕೊನೆಗೆ ಲವಣಾಂಶ ಮತ್ತು ನೀರಿನ ಐಸೊಟೋಪ್. ಈ ಕೊನೆಯ ಎರಡನ್ನು ಒಂದೇ ನಿಸ್ಕಿನ್‌ನಿಂದಲೇ ತುಂಬಿಸಿ. ಲವಣಾಂಶ ಇಲ್ಲದ ಕಡಲನೀರಿನ ಆಕ್ಸಿಜನ್ ಅಂಕಿ ಅರ್ಧ ಕೆಲಸಕ್ಕೂ ಬಾರದು. ಅರಬ್ಬಿ ಸಮುದ್ರದಲ್ಲಿ ಆವಿಯಾಗುವಿಕೆ, ಬಂಗಾಳ ಕೊಲ್ಲಿಯಲ್ಲಿ ಗಂಗಾ-ಬ್ರಹ್ಮಪುತ್ರದ ಸಿಹಿನೀರು, ಎರಡನ್ನೂ ಬಿಡಿಸುವುದು ಆಕ್ಸಿಜನ್-ಲವಣಾಂಶದ ಗೆರೆಯ ಇಳಿಜಾರೇ.

ಕಾರ್ಬನ್-13 ಅಳತೆಗೆ 250 ಮಿಲೀ ಗಾಜಿನ ಬಾಟಲಿಯ ತಳಕ್ಕೆ ನಳಿಕೆ ಇಳಿಸಿ, ಗುಳ್ಳೆ ಏಳದಂತೆ, ಒಂದು ಬಾಟಲಿಯಷ್ಟು ಉಕ್ಕಿ ಹರಿಯಲು ಬಿಡಿ. ಮೇಲೆ ಒಂದು ಶೇಕಡಾ ಜಾಗ ಉಳಿಸಿ, ಪರ್ಯಾಪ್ತ ಮರ್ಕ್ಯುರಿಕ್ ಕ್ಲೋರೈಡ್ 50 ಮೈಕ್ರೋಲೀಟರ್ ಹಾಕಿ, ಗ್ರೀಸ್ ಹಚ್ಚಿದ ಗಾಜಿನ ಬಿರಡೆ ಒತ್ತಿ. ವಿಷ ಹಾಕದಿದ್ದರೆ ಬ್ಯಾಕ್ಟೀರಿಯಾ ಉಸಿರಾಡಿ ಹಗುರ ಕಾರ್ಬನ್ ಸೇರಿಸುತ್ತವೆ. ಅದು ಪಾದರಸದ ವಿಷ: ಕೈಗವಸು ಕಡ್ಡಾಯ, ಉಳಿದದ್ದು ಸಿಂಕಿಗೂ ಕಡಲಿಗೂ ಹೋಗಬಾರದು.

ನೈಟ್ರೇಟ್ ಐಸೊಟೋಪ್‌ಗೆ ಅರಬ್ಬಿ ಸಮುದ್ರ ಯಾಕೆ ಅಷ್ಟು ಹೆಸರುವಾಸಿ?

ಸುಮಾರು 150ರಿಂದ 1000 ಮೀಟರ್ ಆಳದಲ್ಲಿ ಅಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಕ್ಟೀರಿಯಾ ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿ ನೈಟ್ರೋಜನ್ ಅನಿಲವಾಗಿ ಬಿಡುತ್ತವೆ, ಹಗುರದ್ದನ್ನು ಮೊದಲು ಆರಿಸುತ್ತವೆ. ಉಳಿದ ನೈಟ್ರೇಟ್ ಭಾರವಾಗುತ್ತದೆ. ಜಗತ್ತಿನ ಆಳಕಡಲಿನಲ್ಲಿ 5‰ ಆಸುಪಾಸು ಇರುವ ನೈಟ್ರೋಜನ್-15 ಅಂಕಿ ಇಲ್ಲಿ 15‰ ದಾಟುತ್ತದೆ. ಮುಂಗಾರಿನಲ್ಲಿ ಈ ನೀರು ಉಕ್ಕಿ ಪಶ್ಚಿಮ ತೀರದ ಆಳವಿಲ್ಲದ ಕಡಲಿಗೂ ಬರುತ್ತದೆ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ತಳದಲ್ಲಿ ಆಮ್ಲಜನಕ ಮುಗಿದಿರುತ್ತದೆ. ತೀರದಲ್ಲಿ ಮಾತ್ರ ಅಂಕಿಯನ್ನು ಹುಷಾರಾಗಿ ಓದಿ. ಕೆಸರಿನೊಳಗೆ ನೈಟ್ರೇಟ್ ಪೂರ್ತಿ ಖರ್ಚಾಗುವುದರಿಂದ ಆರಿಸುವ ಅವಕಾಶವಿಲ್ಲ, ನೀರಿನಲ್ಲಿ ಗುರುತೂ ಕಡಿಮೆ. ನಷ್ಟ ದೊಡ್ಡದಿದ್ದರೂ ಡೆಲ್ಟಾ ಸಣ್ಣದಾಗಿ ಕಾಣಬಹುದು.

ಮಾದರಿಯನ್ನು 0.2 ಮೈಕ್ರಾನ್ ಸೋಸುಕದಲ್ಲಿ ಸೋಸಿ, 60 ಮಿಲೀ ಬಾಟಲಿಯ ಮುಕ್ಕಾಲು ಮಾತ್ರ ತುಂಬಿಸಿ, −20 ಡಿಗ್ರಿಗೆ ಇಡಿ. ಪೂರ್ತಿ ತುಂಬಿಸಿದರೆ ಹೆಪ್ಪುಗಟ್ಟುವಾಗ ಗಟ್ಟಿ ಉಪ್ಪುನೀರು ಮುಚ್ಚಳದ ಸಂದಿಯಿಂದ ಹೊರಬರುತ್ತದೆ, ನೈಟ್ರೇಟ್ ಅದರ ಜೊತೆಗೇ ಹೋಗುತ್ತದೆ. ಅಳತೆಗೆ ಬಳಸುವುದು ನೈಟ್ರಸ್ ಆಕ್ಸೈಡ್ ಹಂತದಲ್ಲೇ ನಿಲ್ಲುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ. ಬೇಕಾದದ್ದು 10-20 ನ್ಯಾನೋಮೋಲ್ ನೈಟ್ರೇಟ್: ಲೀಟರಿಗೆ 20 ಮೈಕ್ರೋಮೋಲ್ ಇರುವ ಆಳದ ನೀರಾದರೆ 1 ಮಿಲೀ ಸಾಕು, 1 ಮೈಕ್ರೋಮೋಲ್ ಇರುವ ಮೇಲ್ನೀರಾದರೆ 20 ಮಿಲೀ. ಇಲ್ಲಿಯ ನೀರಿನಲ್ಲಿ ನೈಟ್ರೈಟ್ ಕೂಡ ಇರುತ್ತದೆ, ಬ್ಯಾಕ್ಟೀರಿಯಾ ಅದನ್ನೂ ಬಿಡುವುದಿಲ್ಲ, ಅದು ಹಗುರವಾದ್ದರಿಂದ ಅಂಕಿ ಕೆಳಗೆಳೆಯುತ್ತದೆ. ಸಲ್ಫಾಮಿಕ್ ಆಮ್ಲದಿಂದ ಅದನ್ನು ಮೊದಲೇ ತೆಗೆದುಹಾಕಿ.

ಗಾಳಿಯ ಕಾರ್ಬನ್ ಡೈಆಕ್ಸೈಡ್ ಮಾದರಿ ತೆಗೆಯುವಾಗ ಏನು ತಪ್ಪಾಗುತ್ತದೆ?

ಉಸಿರು. ನಮ್ಮ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 4 ಶೇಕಡಾ, ಹೊರಗಾಳಿಯ ನೂರು ಪಟ್ಟು. ಗಾಳಿ ಬರುವ ದಿಕ್ಕಿಗೆ ಮುಖಮಾಡಿ, ಗಾಳಿ ತುಂಬುವ ಗಾಜಿನ ಫ್ಲಾಸ್ಕನ್ನು ಮುಂದೆ ಹಿಡಿದು, ಸಾಧ್ಯವಾದರೆ ಎತ್ತರದ ಕಂಬದ ಪೈಪಿನಿಂದ ಎಳೆದು, ಹತ್ತು ನಿಮಿಷ ಹರಿಸಿ ಆಮೇಲೆ ಮುಚ್ಚಿ. ಎರಡು ಫ್ಲಾಸ್ಕ್ ಜೋಡಿಯಾಗಿ ತುಂಬಿಸಿ, ಎರಡರ ಅಂಕಿ ಹೊಂದದಿದ್ದರೆ ಎರಡನ್ನೂ ಬಿಡಿ. ಗಾಳಿಯನ್ನು ಮೆಗ್ನೀಸಿಯಮ್ ಪರ್‌ಕ್ಲೋರೇಟ್‌ನಲ್ಲಿ ಒಣಗಿಸಿ. ನಮ್ಮ ಕರಾವಳಿಯ ತೇವದಲ್ಲಿ ಹಸಿಗಾಳಿ ತುಂಬಿಸಿದರೆ ಗಾಜಿನ ಮೇಲಿನ ನೀರು ಆಕ್ಸಿಜನ್ ಬದಲಾಯಿಸಿಕೊಂಡು ಆಕ್ಸಿಜನ್-18 ಅಂಕಿ ಹಾಳಾಗುತ್ತದೆ, ಕಾರ್ಬನ್-13 ಉಳಿಯುತ್ತದೆ. ಯಂತ್ರದಲ್ಲಿ ನೈಟ್ರಸ್ ಆಕ್ಸೈಡ್ ಕೂಡ 44ನೇ ತೂಕದಲ್ಲೇ ಬರುವುದರಿಂದ ಸುಮಾರು 0.2‰ ತಿದ್ದುಪಡಿ ಬೇಕು.

ಇಂಥ ದಾಖಲೆಗೆ ಹತ್ತಿರದ ಉದಾಹರಣೆ ಕಾರವಾರದಿಂದ ಸ್ವಲ್ಪ ಉತ್ತರಕ್ಕಿರುವ ಗೋವಾದ ಕಾಬೊ ದ ರಾಮ. 1993ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಓ ಜೊತೆಗೂಡಿ ಅಲ್ಲಿ ಫ್ಲಾಸ್ಕ್ ತುಂಬಿಸಲು ಶುರುಮಾಡಿದರು. ಮುಂಗಾರಿನಲ್ಲಿ ನೈಋತ್ಯದ ಕಡಲಗಾಳಿ, ಚಳಿಗಾಲದಲ್ಲಿ ನೆಲದ ಗಾಳಿ. ಒಂದೇ ಬಂಡೆಯ ಮೇಲೆ ನಿಂತು ಎರಡನ್ನೂ ಹಿಡಿಯಬಹುದು.

ಕಾರ್ಬನ್-13ರಿಂದ ವಾಹನದ ಹೊಗೆಯನ್ನು ಗುರುತಿಸಬಹುದೇ?

420 ಪಿಪಿಎಂ, −8.5‰ ಇರುವ ಗಾಳಿಗೆ −26‰ ಇರುವ 20 ಪಿಪಿಎಂ ಸೇರಿದರೆ −9.3‰ ಆಗುತ್ತದೆ. ಸುಲಭವಾಗಿ ಕಾಣುವ ಬದಲಾವಣೆ. ಸಾಂದ್ರತೆಯ ವಿಲೋಮವನ್ನು ಅಡ್ಡಕ್ಕೆ, ಡೆಲ್ಟಾವನ್ನು ಉದ್ದಕ್ಕೆ ಇಟ್ಟು ಗೆರೆ ಎಳೆದರೆ, ಅದು ಸೊನ್ನೆಯಲ್ಲಿ ಮುಟ್ಟುವ ಜಾಗ ಮೂಲದ ಅಂಕಿ. 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ತೋರಿಸಿದ ಉಪಾಯ. ತೊಡಕು ಎಂದರೆ ಭತ್ತದ ಹುಲ್ಲೂ ಸುಮಾರು −27‰, ಪೆಟ್ರೋಲೂ ಅದರ ಹತ್ತಿರವೇ. ರಾಗಿ, ಜೋಳ, ಕಬ್ಬು ಬೇರೆ ದಾರಿಯ ದ್ಯುತಿಸಂಶ್ಲೇಷಣೆಯವು, ಸುಮಾರು −12‰. ಮಂಡ್ಯದ ಕಬ್ಬಿನ ಬಯಲಿನಲ್ಲಿ ರಾತ್ರಿ ತೆಗೆದ ಗಾಳಿಗೂ ಅದರ ಪಕ್ಕದ ಭತ್ತದ ಗದ್ದೆಯದಕ್ಕೂ ಮೂಲದ ಅಂಕಿ ಬೇರೆ ಬರಬೇಕು. ಸುತ್ತಲಿನ ಬೆಳೆ ಬರೆದುಕೊಳ್ಳದೆ ಹೊಗೆಯ ಲೆಕ್ಕ ಹಾಕಬೇಡಿ.

ಹೊಗೆಯನ್ನು ಖಚಿತವಾಗಿ ಬೇರ್ಪಡಿಸುವುದು ಕಾರ್ಬನ್-14. ಅದರ ಅರ್ಧಾಯು 5730 ವರ್ಷ, ಕೋಟ್ಯಂತರ ವರ್ಷ ಹಳೆಯ ಇಂಧನದಲ್ಲಿ ಅದು ಉಳಿದೇ ಇಲ್ಲ. ಒಂದು ಪಿಪಿಎಂ ಇಂಧನದ ಹೊಗೆ ಗಾಳಿಯ ಕಾರ್ಬನ್-14 ಅಂಕಿಯನ್ನು ಸುಮಾರು 2.5‰ ಇಳಿಸುತ್ತದೆ. 1 ಮಿಲಿಗ್ರಾಂ ಕಾರ್ಬನ್‌ಗೆ 5 ಲೀಟರ್ ಗಾಳಿ ಬೇಕು. ಭಾರತದಲ್ಲಿ ಇದನ್ನು ಅಳೆಯುವ ವೇಗವರ್ಧಕ ಯಂತ್ರಗಳು ಅಹಮದಾಬಾದ್ ಮತ್ತು ದೆಹಲಿಯಲ್ಲಿವೆ.

ಎರಡು ವರ್ಷದ ಹಿಂದಿನ ಬಾಟಲಿಗಳು ಕಪಾಟಿನಲ್ಲಿವೆ. ಈಗ ಅಳೆಯಬಹುದೇ?

ತುಂಬಿಸಿದ ದಿನ ತೂಗಿಟ್ಟಿದ್ದರೆ ಈಗ ಮತ್ತೆ ತೂಗಿ. 30 ಗ್ರಾಂ ನೀರಿನಲ್ಲಿ 0.3 ಗ್ರಾಂ ಹೋಗಿದ್ದರೆ, ಅಂದರೆ ಶೇಕಡಾ ಒಂದು, ಆಕ್ಸಿಜನ್ ಅಂಕಿ 0.1ರಿಂದ 0.2‰ ಸರಿದಿರುತ್ತದೆ. ಮಳೆಗೆ ಅದು ಸಹಿಸಬಹುದಾದ ತಪ್ಪು, ಕಡಲನೀರಿಗೆ ಅಲ್ಲ. ತೂಗಿಡದಿದ್ದರೆ ಬಾಟಲಿಯನ್ನು ತಲೆಕೆಳಗು ಮಾಡಿ ಗುಳ್ಳೆಯ ಗಾತ್ರ ನೋಡಿ. ಕತ್ತಿನ ತನಕ ತುಂಬಿಸಿದ್ದ ಬಾಟಲಿಯಲ್ಲಿ ಗುಳ್ಳೆ ಕಡಲೆಕಾಳಿನಷ್ಟಿದ್ದರೆ ಅಳೆದು ಎಕ್ಸೆಸ್ ನೋಡಿ ನಿರ್ಧರಿಸಿ, ನಿಂಬೆಹಣ್ಣಿನಷ್ಟಿದ್ದರೆ ಚೆಲ್ಲಿ, ಬಾಟಲಿ ತೊಳೆದಿಡಿ.